ಗರಗದೆಣ್ಣೆಯ ದೊಡ್ಡಮ್ಮ

ನಲವತ್ತು ದಾಟಿದರೂ ನನ್ನ ಜಡೆ ಇನ್ನೂ ಒಂದು ಹಿಡಿ ತುಂಬುತ್ತದೆ. ಮದುವೆ ಮನೆಗಳಲ್ಲಿ ಪಾವಗಡದ ಹೆಂಗಸರು ಪಕ್ಕ ಬಂದು ಕೂತು, ತಲೆಗೆ ಏನು ಹಚ್ಚುತ್ತೀರಿ ಎಂದು ಕೇಳುತ್ತಾರೆ. ಕೊಬ್ಬರಿ ಎಣ್ಣೆ ಎಂದು ಹೇಳಿ ಮಾತು ಬದಲಾಯಿಸುತ್ತೇನೆ. ಸರಿಯಾಗಿ ಉತ್ತರ ಕೊಡಬೇಕಾದರೆ ಮಧುಗಿರಿಯ ಒಬ್ಬ ಹೆಂಗಸಿನ ವಿಷಯವನ್ನು ಹೇಳಬೇಕಾಗುತ್ತದೆ. ಅದನ್ನು ಮದುವೆ ಮನೆಯಲ್ಲಿ ಹೇಳಲಾಗುವುದಿಲ್ಲ. ಹೋದ ತಿಂಗಳು ಅವಳು ತೀರಿಕೊಂಡಳು. ಹೆಸರನ್ನು ನಾನು ಬರೆಯುವುದಿಲ್ಲ. ನಾವು ಮಕ್ಕಳೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದೆವು, ಅಷ್ಟು ಸಾಕು.

ನಮ್ಮ ತಂದೆಯದು ಬೆಟ್ಟದ ಕೆಳಗಿನ ಬೀದಿಯಲ್ಲಿ ದಿನಸಿ ಅಂಗಡಿ. ನಾವು ಲಿಂಗವಂತರು. ದೊಡ್ಡಮ್ಮ ಒಕ್ಕಲು ಮನೆಯವಳು, ಸಿರಾ ಕಡೆಯ ಪಟ್ಟನಾಯಕನಹಳ್ಳಿಯಿಂದ ಮದುವೆಯಾಗಿ ಬಂದವಳು. ಗಾಡಿ ಹೊಡೆಯುತ್ತಿದ್ದ ಗಂಡ ಪ್ಲೇಗಿನಲ್ಲಿ ಹೋದ ಮೇಲೆ, ಒಬ್ಬಳೇ ಮಗಳನ್ನು ಇಟ್ಟುಕೊಂಡು ನಮ್ಮ ಎದುರು ಮನೆಯಲ್ಲಿ ಬಾಳುತ್ತಿದ್ದಳು. ತಲೆಗೆ ಹಚ್ಚುವ ಎಣ್ಣೆ ಕಾಯಿಸುವುದು, ಸೀಗೆಪುಡಿ ಕುಟ್ಟುವುದು ಅವಳ ಜೀವನ.

ಗರಗದ ಸೊಪ್ಪನ್ನು ಅವಳು ಬೇರೆಯವರ ಕೈಯಲ್ಲಿ ತರಿಸುತ್ತಿರಲಿಲ್ಲ. ಬೆಳಗಾಗುತ್ತಲೇ ಕೆರೆಯ ಕೆಳಗಿನ ಗದ್ದೆಯ ಬದುಗಳಿಗೆ ಹೋಗಿ, ಬಿಳಿ ಹೂವಿನ ಗಿಡವನ್ನೇ ಆರಿಸಿ, ಬೇರು ಸಮೇತ ಕಿತ್ತು ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಜಜ್ಜಿ ರಸ ಹಿಂಡುವಾಗ ಅವಳ ಬೆರಳುಗಳು ಕಪ್ಪಾಗುತ್ತಿದ್ದವು. ಆ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಗರಗದ ರಸ, ನೆಲ್ಲಿಕಾಯಿ ರಸ, ಅರೆದ ಮೆಂತ್ಯ, ದಾಸವಾಳದ ಎಲೆ ಎಲ್ಲವನ್ನೂ ಕೊಬ್ಬರಿ ಎಣ್ಣೆಗೆ ಹಾಕಿ, ಒಂದಿಷ್ಟು ಹರಳೆಣ್ಣೆ ಬೆರೆಸಿ, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಇಡುವಳು. ನೀರಿನಂಶ ಇರುವ ತನಕ ಎಣ್ಣೆ ಚಟಚಟ ಎನ್ನುತ್ತದೆ. ಸದ್ದು ನಿಂತ ಮೇಲೂ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಅರಳೆಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚುವಳು. ಬತ್ತಿ ಸಿಡಿಯದೆ ಉರಿದರೆ ಮಾತ್ರ ಬಾಣಲೆ ಇಳಿಸುವಳು.

ಸೀಗೆಪುಡಿ ಕುಟ್ಟುವ ದಿನ ಬೀದಿಗೆಲ್ಲ ಸೀನು. ಒಣಗಿದ ಸೀಗೆಕಾಯಿಯ ಬೀಜ ತೆಗೆದು, ಅಂಟುವಾಳದ ಸಿಪ್ಪೆ, ಮೆಂತ್ಯ, ಒಣಗಿದ ನಿಂಬೆ ಸಿಪ್ಪೆ ಸೇರಿಸಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒನಕೆ ಹಿಡಿಯುತ್ತಿದ್ದಳು. ನಮ್ಮ ತಂದೆ ಅಂಗಡಿಯಿಂದಲೇ ಸೀನುತ್ತಾ, "ಏನಮ್ಮ, ಇವತ್ತು ಗಿರಾಕಿನೆಲ್ಲ ಓಡಿಸ್ತೀಯೋ ಹೆಂಗೆ?" ಎನ್ನುವರು. ಅವಳು ಕುಟ್ಟುವುದನ್ನು ನಿಲ್ಲಿಸದೆ, "ಸೀನ್ಲಿ ಬುಡಿ ಸ್ವಾಮಿ, ತಲೆ ಹಗುರಾಗ್ತದೆ" ಎಂದು ಉತ್ತರ ಕೊಡುವಳು.

ಒಂದು ಕಟ್ಟುಪಾಡನ್ನು ಅವಳು ಎಂದೂ ಮುರಿದವಳಲ್ಲ. ಹೊಸದಾಗಿ ಏನನ್ನಾದರೂ ಎಣ್ಣೆಗೆ ಸೇರಿಸಿದರೆ, ಮೊದಲು ತನ್ನ ಎಡ ಮೊಣಕೈಯ ಒಳಮೈಗೆ ಹಚ್ಚಿ ಮೂರು ದಿನ ಕಾಯುವಳು. ಚರ್ಮ ಸುಮ್ಮನಿದ್ದರೆ ಮಗಳ ತಲೆಗೆ. ಮಗಳಿಗೆ ಒಗ್ಗಿದರೆ ಊರಿಗೆ.

ಮಗಳ ಹೆಸರು ಈರಕ್ಕ. ನಮಗೆಲ್ಲ ಈರಿ. ನನಗಿಂತ ಒಂದು ವರ್ಷ ದೊಡ್ಡವಳು. ಅವಳ ಜಡೆ ಮಂಡಿಯ ಹತ್ತಿರ ಬರುತ್ತಿತ್ತು. ಸಂತೆಯ ದಿನ ಅವಳು ತಲೆಗೆ ನೀರು ಹಾಕಿಕೊಂಡು ಜಗುಲಿಯ ಮೇಲೆ ಕೂದಲು ಹರವಿ ಕೂತರೆ, ಸಂತೆಗೆ ಬಂದ ಹಳ್ಳಿಯ ಹೆಂಗಸರು ನಿಂತು ನೋಡಿ, ಆಮೇಲೆ ಒಳಗೆ ಹೋಗಿ ಎಣ್ಣೆ ಕೊಳ್ಳುತ್ತಿದ್ದರು. ಈರಿಗೆ ಹನ್ನೊಂದನೆಯ ವಯಸ್ಸಿಗೇ ಕೊರಟಗೆರೆ ಸೀಮೆಯ ಹೊಳವನಹಳ್ಳಿಯ ಕಡೆಯ ಒಂದು ಒಕ್ಕಲು ಮನೆಗೆ ಮದುವೆಯಾಗಿತ್ತು. ನಾನು ಹೇಳುತ್ತಿರುವ ವರ್ಷ ಅವಳನ್ನು ಗಂಡನ ಮನೆಗೆ ಕಳಿಸಬೇಕಾಗಿತ್ತು.

ಆ ವರ್ಷವೇ ಇನ್‌ಫ್ಲುಯೆಂಜಾ ಬಂತು. ಯುರೋಪಿನಲ್ಲಿ ಮೊದಲ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಮಹಾನವಮಿಯ ಹೊತ್ತಿಗೆ ಒಂದೊಂದು ಮನೆಯಲ್ಲಿ ನಾಲ್ಕು ನಾಲ್ಕು ಜನ ಮಲಗಿದರು. ನೀರು ಕೊಡುವವರಿಲ್ಲದ ಮನೆಗಳಿದ್ದವು. ನಮ್ಮ ತಮ್ಮನೊಬ್ಬ ಹೋದ. ನಾನೂ ಈರಿಯೂ ಒಂದೇ ವಾರದಲ್ಲಿ ಮಲಗಿ, ಹೇಗೋ ಎದ್ದೆವು. ಬದುಕಿದೆವಲ್ಲ ಎಂದು ಎರಡೂ ಮನೆಯವರು ಸಮಾಧಾನ ಮಾಡಿಕೊಂಡರು. ಕಾರ್ತಿಕ ಮಾಸ ಕಳೆಯುತ್ತಿದ್ದಂತೆ ನಮ್ಮಿಬ್ಬರ ಕೂದಲು ಉದುರತೊಡಗಿತು. ಬಾಚಣಿಗೆ ಇಟ್ಟರೆ ಹಿಡಿ ಹಿಡಿಯಾಗಿ ಬರುತ್ತಿತ್ತು. ಆಮೇಲೆ ಬಾಚಣಿಗೆಯೂ ಬೇಕಾಗಲಿಲ್ಲ. ಬೆಳಿಗ್ಗೆ ಏಳುವಾಗ ಕೂದಲು ದಿಂಬಿನ ಮೇಲೆಯೇ ಉಳಿಯುತ್ತಿತ್ತು. ಸಂಕ್ರಾಂತಿಗೆ ನೆತ್ತಿ ಬೆಳ್ಳಗೆ ಕಾಣತೊಡಗಿತು.

ನಮ್ಮ ಅವ್ವ ನನ್ನನ್ನು ಕರೆದುಕೊಂಡು ಎದುರು ಮನೆಗೆ ಹೋದಳು. ಪಾವಗಡದವರು ನನ್ನನ್ನು ನೋಡಲು ಬರುವವರಿದ್ದರು. ದೊಡ್ಡಮ್ಮ ನನ್ನ ತಲೆಯನ್ನು ಬೆಳಕಿಗೆ ತಿರುಗಿಸಿ, ನೆತ್ತಿಯನ್ನು ಬೆರಳಿನಿಂದ ಒತ್ತಿ ನೋಡಿದಳು.

"ಇದು ಜ್ವರ ಉಂಡೋಗಿರೋ ತಲೆ ಕಣವ್ವ. ಬೇರು ಸತ್ತಿಲ್ಲ. ಬುಟ್ಬುಡಿ, ತಾನಾಗೇ ಬತ್ತದೆ."

"ಯಾವಾಗ ಅಕ್ಕಯ್ಯ? ಅವರು ಬರೋದು ಮುಂದಿನ ತಿಂಗಳು."

"ತಲೆ ಅನ್ನೋದು ಹೊಲ ಅಲ್ಲ ಕಣಮ್ಮ, ಗೊಬ್ರ ಸುರ್ದು ಪೈರೆಬ್ಸಕ್ಕೆ. ಆರು ತಿಂಗ್ಳು ಆಗ್ಲಿ, ವರ್ಷ ಆಗ್ಲಿ. ಕಾಯ್ಬೇಕು."

ಇದನ್ನು ಹೇಳಿದವಳು ಅವಳೇ. ಅವಳಿಗೆ ಗೊತ್ತಿತ್ತು.

ಎರಡು ವಾರದ ಮೇಲೆ ಹೊಳವನಹಳ್ಳಿಯ ಕಡೆಯಿಂದ ಬೀಗಿತ್ತಿ, ಎಂದರೆ ಈರಿಯ ಅತ್ತೆ, ಗಾಡಿ ಕಟ್ಟಿಸಿಕೊಂಡು ಬಂದಳು. ನಾನು ಅಲ್ಲಿಯೇ ಇದ್ದೆ. ಆಕೆ ಈರಿಯ ತಲೆಯ ಮೇಲಿನ ಸೆರಗನ್ನು ತಾನೇ ತೆಗೆದು ನೋಡಿದಳು.

"ಊರ್ಗೆಲ್ಲ ಎಣ್ಣೆ ಕಾಯ್ಸಿ ಕೊಡ್ತೀಯ ನೀನು," ಎಂದಳು. "ನಮ್ಮನೆಗೆ ಇದು ಮೊದ್ಲ ಸೊಸೆ. ಬೋಳ್ತಲೆ ಹೆಣ್ಣ ಹೊಸ್ಲು ದಾಟಿಸ್ಕಂಡ್ರೆ ಜನ ಏನಂತಾರೆ? ಶಿವರಾತ್ರಿ ಕಳುದ್ಮೇಲೆ ಬತ್ತೀವಿ. ತಲೆ ತುಂಬಿದ್ರೆ ಕರ್ಕಂಡೋಗ್ತೀವಿ. ಇಲ್ದಿದ್ರೆ ನಮ್ ದಾರಿ ನಾವು ನೋಡ್ಕತೀವಿ."

"ಜ್ವರ ಬಂದು ಹೋದದ್ದು ಕಣಕ್ಕ. ಬತ್ತದೆ. ಒಂದ್ ವರ್ಷ ತಡೀರಿ," ಎಂದು ದೊಡ್ಡಮ್ಮ ಕೈ ಮುಗಿದಳು.

ಬೀಗಿತ್ತಿ ಊಟಕ್ಕೂ ನಿಲ್ಲದೆ ಗಾಡಿ ಹತ್ತಿದಳು.

ಅಂದಿನಿಂದ ದೊಡ್ಡಮ್ಮ ಬೇರೆಯೇ ಹೆಂಗಸಾದಳು. ಮೊದಲು ತನಗೆ ತಿಳಿದಿದ್ದನ್ನೆಲ್ಲ ಮಾಡಿದಳು. ದಿನಕ್ಕೆರಡು ಸಲ ಮಗಳ ತಲೆಗೆ ಎಣ್ಣೆ ತಿಕ್ಕಿದಳು. ಲೋಳೆಸರ, ಈರುಳ್ಳಿ ರಸ, ಕರಿಬೇವು, ಮೆಂತ್ಯದ ಲೇಪ, ಒಂದಾದ ಮೇಲೊಂದು. ಕೂತು ಕೂತು ಈರಿಯ ಕತ್ತು ನೋಯುತ್ತಿತ್ತು. ದೊಡ್ಡಮ್ಮ ಮತ್ತೆ ಮತ್ತೆ ಮಗಳನ್ನು ಬಿಸಿಲಿಗೆ ಕರೆದು, ಕಣ್ಣು ನೆತ್ತಿಯ ಹತ್ತಿರ ತಂದು ನೋಡುವಳು. ಎಣ್ಣೆ ಕೊಳ್ಳುವವರು ಕಡಿಮೆಯಾದರು. "ಮಗಳ್ ತಲೇಲೇ ನಿಲ್ಲದ್ದು ನಮ್ ತಲೇಲಿ ನಿಂತಾತಾ?" ಎಂದು ಜಗುಲಿಯ ಮುಂದೆಯೇ ಆಡಿಕೊಂಡು ಹೋಗುತ್ತಿದ್ದರು. ಅವಳಿಗೆ ಅದೂ ಕೇಳಿಸುತ್ತಿರಲಿಲ್ಲ. ಶಿವರಾತ್ರಿಗೆ ಇನ್ನೆಷ್ಟು ದಿನ ಎಂದು ನಮ್ಮ ತಂದೆಯನ್ನು ದಿನಾ ಕೇಳುತ್ತಿದ್ದಳು.

ಆಗ ಸಂತೆಗೆ ಪಾವಗಡದ ಆಚೆಯ ತೆಲುಗು ಸೀಮೆಯಿಂದ ನಾರುಬೇರು ಮಾರುವವನೊಬ್ಬ ಬಂದ. ಗೋಣಿಯ ಮೇಲೆ ಬೇರುಗಳನ್ನು ಹರಡಿಕೊಂಡು ಕೂತಿದ್ದ. ದೊಡ್ಡಮ್ಮ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ನಾನೂ ಅವ್ವನೂ ಹಿಂದೆ ನಿಂತಿದ್ದೆವು. ಅವನು ಒಂದು ಬೇರನ್ನೂ ಒಂದು ಹಿಡಿ ಗುಲಗಂಜಿಯನ್ನೂ ಎತ್ತಿ ಕೊಟ್ಟ.

"ಮೂಡು ವಾರಾಲಮ್ಮಾ, ಮೂರೇ ವಾರ. ಅರ್ದು ಹರಳೆಣ್ಣೆಲಿ ಕಲ್ಸಿ ಹಚ್ಚಿ. ಉರಿ ಆಯ್ತದೆ. ಬೊಬ್ಬೆ ಬಂದ್ರೂ ಭಯಂ ಬೇಡ, ಮಂದು, ಮದ್ದು ಹಿಡೀತು ಅಂತ ಗುರ್ತು."

ಅವಳು ಬೇರನ್ನು ಮೂಸಿ ನೋಡಿದಳು. "ಇದು ಚಿತ್ರಮೂಲ ಅಲ್ವೇನಪ್ಪ? ಸುಡ್ತದಲ್ಲ ಇದು."

"ಸುಡ್ದೇ ಬೇರು ಎಲ್ ಏಳ್ತದಮ್ಮಾ?" ಎಂದ ಅವನು.

ಮನೆಗೆ ಬರುವ ದಾರಿಯಲ್ಲಿ ನಮ್ಮ ಅವ್ವ ಅವಳ ಕೈ ಹಿಡಿದುಕೊಂಡು, ನಮ್ಮ ಹುಡುಗಿಗೂ ಇದನ್ನೇ ಹಚ್ಚು ಅಕ್ಕಯ್ಯ ಎಂದು ಬೇಡಿಕೊಂಡಳು. ದೊಡ್ಡಮ್ಮ ಒಪ್ಪಿದಳು.

"ಹಚ್ತೀನಿ. ಆದ್ರೆ ಮೊದ್ಲು ನಮ್ಮೋಳ್ಗೆ ಆಗ್ಲಿ. ಒಂದಿನ ನೋಡ್ಕಂಡು ನಿಮ್ ಮಗೀಗೆ."

ಆ ಸಂಜೆ ಲೇಪ ಅರೆದು ತನ್ನ ಮೊಣಕೈಗೆ ಹಚ್ಚಿಕೊಂಡಳು. ಬೆಳಿಗ್ಗೆ ನೋಡಿದರೆ ಅಲ್ಲಿ ಸ್ವಲ್ಪ ಕೆಂಪಗಾಗಿತ್ತು, ಅಷ್ಟೆ. ಮೂರು ದಿನ ಕಾಯಬೇಕಾದವಳು ಒಂದು ದಿನವೂ ಕಾಯಲಿಲ್ಲ. ಮೂರು ವಾರಕ್ಕೆ ಸರಿಯಾಗಿ ಶಿವರಾತ್ರಿ ಇತ್ತು. ಒಂದು ದಿನ ಕಳೆದರೂ ಒಂದು ದಿನ ಕಡಿಮೆ. ಆ ಬೆಳಿಗ್ಗೆಯೇ ಮಗಳ ನೆತ್ತಿಗೆ ದಪ್ಪಗೆ ಮೆತ್ತಿ, ಮೇಲೆ ಹರಳೆಲೆ ಮುಚ್ಚಿ, ಬಟ್ಟೆ ಬಿಗಿದಳು.

ನಾನು ನೋಡಲು ಹೋದೆ. ಈರಿ ಒಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಉರೀತೈತೇನೆ?" ಎಂದೆ.

"ಹೂಂ. ಉರುದ್ರೆ ಒಳ್ಳೇದಂತೆ. ನಾಳಿಕ್ಕೆ ನಿಂಗೂ ಹಚ್ತಾಳೆ ಅವ್ವ. ಇಬ್ರಿಗೂ ಒಟ್ಗೇ ಬತ್ತದೆ ಕಣೆ," ಎಂದು ನಕ್ಕಳು.

ಮಧ್ಯಾಹ್ನ ದೊಡ್ಡಮ್ಮ ನಮ್ಮ ಮನೆಗೆ ಬಂದಳು. ನಾಳೆ ನನಗೆ ತಲೆಗೆ ನೀರು ಹಾಕಿಸಿ ಕಳಿಸು ಎಂದು ಅವ್ವನಿಗೆ ಹೇಳುತ್ತಾ ಬಾಗಿಲಲ್ಲಿ ನಿಂತಿದ್ದಳು. ಮಾತಿನ ನಡುವೆ ಎಡಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಲೇ ಇದ್ದಳು.

"ಅದೇನು ಅಕ್ಕಯ್ಯ ಕೈ ಮೇಲೆ?" ಎಂದಳು ಅವ್ವ.

ದೊಡ್ಡಮ್ಮ ಕೈ ತಿರುಗಿಸಿ ನೋಡಿಕೊಂಡಳು. ಮೊಣಕೈಯ ಒಳಗೆ ಅಂಗೈಯಷ್ಟಗಲ ಬೊಬ್ಬೆ ಎದ್ದು ನೀರು ತುಂಬಿಕೊಂಡಿತ್ತು. ಒಂದು ಕಡೆ ಅದು ಒಡೆದು ಚರ್ಮ ಸುಲಿದು ಬಂದಿತ್ತು. ಅವಳು ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಬೀದಿ ದಾಟಿ ಓಡಿದಳು.

ನಾವೂ ಓಡಿದೆವು. ಬಟ್ಟೆ ಬಿಚ್ಚಿದಾಗ ಹರಳೆಲೆಯ ಜೊತೆಗೆ ಚರ್ಮವೂ ಬಂತು. ಈರಿಯ ಕೂಗಿಗೆ ಬೀದಿಯ ಜನವೆಲ್ಲ ಸೇರಿದರು. ದೊಡ್ಡಮ್ಮ ಕೊಡಗಟ್ಟಲೆ ನೀರು ಸುರಿದಳು, ಮಜ್ಜಿಗೆ ಸುರಿದಳು. ಗುಲಗಂಜಿ ಬೆರೆತ ಲೇಪ ಗಾಯದೊಳಗೆ ಇಳಿದಿತ್ತು. ಎಷ್ಟು ತೊಳೆದರೂ ಮಗಳು ಕೈಕಾಲು ಬಡಿಯುತ್ತಲೇ ಇದ್ದಳು. ನಮ್ಮ ತಂದೆ ಗಾಡಿ ತರಿಸಿ ಆಸ್ಪತ್ರೆಗೆ ಸಾಗಿಸಿದರು. ಆ ಮೇಲೆ ಜ್ವರ ಏರಿತು, ತಲೆ ಕೀವು ಕಟ್ಟಿತು. ಹತ್ತು ದಿನ ಈರಿ ಬದುಕುತ್ತಾಳೆಂದು ಯಾರೂ ಹೇಳಲಿಲ್ಲ. ದೊಡ್ಡಮ್ಮ ಆಸ್ಪತ್ರೆಯ ಹೊರಗೆ ಹುಣಸೆಮರದ ಬುಡದಲ್ಲಿ ಕೂತಿರುತ್ತಿದ್ದಳು. ತನ್ನ ಕೈಯ ಗಾಯಕ್ಕೆ ಮುಲಾಮು ಹಾಕಿಸಿಕೊಳ್ಳಲಿಲ್ಲ. ಅದೂ ಕೀವಾಯಿತು. "ಇರ್ಲಿ ಬುಡಿ," ಎನ್ನುತ್ತಿದ್ದಳು.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ನೆತ್ತಿಯ ಮೇಲೆ ಹಣೆಯಿಂದ ಹಿಂದಲೆಯವರೆಗೆ ಹೊಳೆಯುವ, ಸುಕ್ಕು ಸುಕ್ಕಾದ ಚರ್ಮ ಉಳಿಯಿತು. ಅಲ್ಲಿ ಇನ್ನು ಕೂದಲು ಹುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿದರು. ಜ್ವರದಿಂದ ಉದುರಿದ ಕೂದಲು ತಾನಾಗಿ ಬರುತ್ತಿತ್ತಲ್ಲಮ್ಮ ಎಂದೂ ಹೇಳಿದರು. ಅವರು ಬೈದು ಹೇಳಲಿಲ್ಲ, ಮೆಲ್ಲಗೆ ಹೇಳಿದರು. ದೊಡ್ಡಮ್ಮ ತಲೆಯಾಡಿಸಿದಳು.

ಶಿವರಾತ್ರಿ ಕಳೆದ ಮೇಲೆ ಹೊಳವನಹಳ್ಳಿಯ ಕಡೆಯಿಂದ ಯಾರೂ ಬರಲಿಲ್ಲ. ಸುದ್ದಿ ಮೊದಲೇ ತಲುಪಿತ್ತು. ಬೇಸಿಗೆಯಲ್ಲಿ ಆ ಹುಡುಗನಿಗೆ ಬೇರೆ ಮದುವೆಯಾಯಿತೆಂದು ಸಂತೆಯಲ್ಲಿ ಯಾರೋ ಹೇಳಿದರು.

ಯುಗಾದಿಯ ಹೊತ್ತಿಗೆ ನನ್ನ ತಲೆಯಲ್ಲಿ ಕೂದಲು ಮೊಳೆಯಿತು. ಅವ್ವ ಅದನ್ನು ಯಾರಿಗೂ ಹೇಳದೆ ನನ್ನ ತಲೆಗೆ ಬಟ್ಟೆ ಕಟ್ಟಿ ಇಟ್ಟಿದ್ದಳು. ಎದುರು ಮನೆಗೆ ಕಾಣದಿರಲಿ ಎಂದು ಹಿತ್ತಲ ಬಾಗಿಲಿನಿಂದಲೇ ಓಡಾಡಿಸುತ್ತಿದ್ದಳು. ಒಂದು ಬೆಳಿಗ್ಗೆ ದೊಡ್ಡಮ್ಮ ತಾನೇ ಬಂದು ನಮ್ಮ ಹೊಸಲಿನ ಮೇಲೆ ಕೂತಳು.

"ಮಗೀನ ತಲೆ ಒಂದ್ಸಲ ನೋಡ್ತೀನಿ ತಾಯಿ."

ಅವ್ವ ಇಲ್ಲ ಎನ್ನಲಾಗದೆ ನನ್ನನ್ನು ಕರೆದಳು. ದೊಡ್ಡಮ್ಮ ಬಟ್ಟೆ ತೆಗೆದು ನನ್ನ ತಲೆಯ ಮೇಲೆ ಅಂಗೈ ಆಡಿಸಿದಳು. ಆಗತಾನೆ ಹುಟ್ಟಿದ ಕರುವಿನ ಮೈಯಂತೆ ಮೆತ್ತಗಿತ್ತು ಆ ಕೂದಲು. ಆಡಿಸಿದಳು, ಮತ್ತೆ ಆಡಿಸಿದಳು.

"ಬಂತು," ಎಂದಳು. "ಏನೂ ಹಚ್ದೆ ಬಂತು."

ಅವ್ವ ಅಳತೊಡಗಿದಳು. ದೊಡ್ಡಮ್ಮ ಅಳಲಿಲ್ಲ. ಬಟ್ಟೆಯನ್ನು ಮತ್ತೆ ನನ್ನ ತಲೆಗೆ ಸರಿಯಾಗಿ ಕಟ್ಟಿ, ಗಂಟು ಹಾಕಿ, ಗೋಡೆ ಹಿಡಿದುಕೊಂಡು ಎದ್ದು ಹೋದಳು. ಆ ದಿನ ಅವಳು ಬಾಣಲೆಯನ್ನು ಹಿತ್ತಲಿನಲ್ಲಿ ಬೋರಲು ಹಾಕಿದಳು. ಎರಡು ವರ್ಷದ ತನಕ ನಮ್ಮ ಬೀದಿಯಲ್ಲಿ ಎಣ್ಣೆ ಕಾಯುವ ವಾಸನೆ ಬರಲಿಲ್ಲ. ತಾಯಿಮಗಳು ಏನು ಉಣ್ಣುತ್ತಿದ್ದರೋ ನನಗೆ ಗೊತ್ತಿಲ್ಲ. ಅವ್ವ ಕೊಟ್ಟು ಕಳಿಸಿದ ರಾಗಿಹಿಟ್ಟನ್ನು ಕೆಲವು ಸಲ ತೆಗೆದುಕೊಳ್ಳುತ್ತಿದ್ದಳು, ಕೆಲವು ಸಲ ಇಲ್ಲ.

ಈರಿ ತಾಯಿಯ ಜೊತೆ ಮಾತು ಬಿಟ್ಟಳು. ಜಗಳವಾಡಲಿಲ್ಲ, ಬಯ್ಯಲಿಲ್ಲ. ಒಂದೇ ಒಲೆ, ಒಂದೇ ಕೋಣೆ, ಆದರೆ ಮಾತಿಲ್ಲ. ಉಪ್ಪು ಬೇಕಾದರೆ ಎದ್ದು ಹೋಗಿ ತೆಗೆದುಕೊಳ್ಳುವಳು. ದೊಡ್ಡಮ್ಮ ಮಾತ್ರ ಮಗಳು ಉತ್ತರ ಕೊಡುತ್ತಿದ್ದಾಳೆ ಎನ್ನುವಂತೆ ಮಾತಾಡುತ್ತಲೇ ಇರುತ್ತಿದ್ದಳು. "ಮಜ್ಜಿಗೆ ಅಲ್ಲೈತೆ ಕಣವ್ವ", "ಸೌದೆ ಹಸಿ ಐತೆ, ಹೊಗೆ ಆದಾತು", ಹೀಗೆ. ನಮ್ಮ ಜಗುಲಿಯವರೆಗೂ ಆ ಒಂದೇ ದನಿ ಕೇಳಿಸುತ್ತಿತ್ತು.

ಎರಡು ವರ್ಷದ ಮೇಲೆ, ನೋಡಲು ಬರುವುದನ್ನು ಮುಂದೂಡಿದ್ದ ಆ ಪಾವಗಡದ ಮನೆಗೇ ನನಗೆ ಮದುವೆ ಆಯಿತು. ಮದುವೆಯ ಬೆಳಿಗ್ಗೆ ನನ್ನ ಜಡೆಗೆ ಮೊಗ್ಗು ಹೆಣೆಯಲು ಯಾರನ್ನು ಕರೆಯುವುದೆಂದು ಮನೆಯಲ್ಲಿ ಮಾತಾಡುತ್ತಿದ್ದಾಗ ದೊಡ್ಡಮ್ಮ ಸ್ನಾನ ಮಾಡಿ ಬಂದು ನನ್ನ ಹಿಂದೆ ಕೂತುಬಿಟ್ಟಳು. ಬೀದಿಯಲ್ಲಿ ಅವಳಷ್ಟು ಚೆನ್ನಾಗಿ ಹೆಣೆಯುವವರು ಇರಲಿಲ್ಲ. ಗಂಡನಿಲ್ಲದವಳೆಂದು ಅವ್ವ ತಡೆಯಲಿಲ್ಲ. ಕೂದಲು ಭುಜ ದಾಟಿತ್ತು. ಬೆರಳುಗಳು ಮೊದಲಿನ ಹಾಗೆಯೇ ಓಡಿದವು. ನಡುವೆ ಎಷ್ಟೋ ಹೊತ್ತು ನಿಂತುಬಿಡುತ್ತಿದ್ದವು. ನಾನು ತಿರುಗಿ ನೋಡಲಿಲ್ಲ. ನೋಡಬಾರದೆನ್ನುವಷ್ಟು ನನಗೆ ತಿಳಿದಿತ್ತು.

ಆಮೇಲೆ ಹೊಟ್ಟೆಪಾಡಿಗೆ ಮತ್ತೆ ಸೀಗೆಪುಡಿ ಕುಟ್ಟಿದಳು, ಎಣ್ಣೆಯನ್ನೂ ಕಾಯಿಸಿದಳು. ಆದರೆ ಕೊಳ್ಳಲು ಬಂದವರಿಗೆಲ್ಲ ಮೊದಲು ಒಂದು ಮಾತು: "ಇದು ಕೂದ್ಲು ಬರ್ಸಲ್ಲ ಕಣಮ್ಮ. ಇರೋದ್ನ ತಂಪಾಗಿಟ್ಕತದೆ, ಅಷ್ಟೆ. ಬೇಕಾದ್ರೆ ಒಯ್ಯಿ." ಬಣ್ಣದ ಸೀಸೆಗಳಲ್ಲಿ ಪರಿಮಳದ ಎಣ್ಣೆ ಅಂಗಡಿಗೆ ಬಂದ ಕಾಲ ಅದು. ಇವಳ ಮಾತು ಕೇಳಿ ಅರ್ಧ ಜನ ಹಿಂದಿರುಗುತ್ತಿದ್ದರು. ಒಂದು ಸಲ ನಾನು ತವರಿಗೆ ಬಂದಿದ್ದಾಗ ಸಿರಾದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಯ ಕೂದಲು ತೆಳ್ಳಗೆ, ಎರಡು ಕಡೆ ಸಂಬಂಧ ತಪ್ಪಿತ್ತಂತೆ. ಏನಾದರೂ ಕೊಡು ಎಂದು ಆ ತಾಯಿ ದೊಡ್ಡಮ್ಮನ ಕಾಲು ಹಿಡಿದುಕೊಂಡಳು. ದೊಡ್ಡಮ್ಮ ರವಿಕೆಯ ತೋಳು ಸರಿಸಿ ಮೊಣಕೈಯ ಕಲೆ ತೋರಿಸಿದಳು. ಆಮೇಲೆ ಒಳಗೆ ತಿರುಗಿ, "ಈರಕ್ಕಾ, ಒಂದ್ಸಲ ಬಾರವ್ವ," ಎಂದು ಕರೆದಳು.

ಈರಕ್ಕ ಬಂದಳು. ತಲೆಯ ಬಟ್ಟೆಯನ್ನು ತಾನೇ ತೆಗೆದು, ಆ ಹುಡುಗಿಯ ಮುಂದೆ ಬಗ್ಗಿ ತೋರಿಸಿದಳು. ಮತ್ತೆ ಕಟ್ಟಿಕೊಂಡು ಒಳಗೆ ಹೋದಳು. ಸಿರಾದ ತಾಯಿಮಗಳು ಏನೂ ಕೇಳದೆ ಎದ್ದು ನಡೆದರು.

ಆ ಮಧ್ಯಾಹ್ನ ನಾನು ಈರಕ್ಕನ ಪಕ್ಕದಲ್ಲಿ ಕೂತು, ಇಷ್ಟು ವರ್ಷದ ನಂತರವಾದರೂ ನಿನ್ನ ಅವ್ವನ ಜೊತೆ ಮಾತಾಡಬಾರದೇ ಎಂದೆ. ಅವಳು ಸೀಗೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ನಿಂಗೆ ಮೊದ್ಲು ಹಚ್ಚೋದಾಗಿದ್ರೆ ಮೂರು ದಿನ ಕಾಯ್ತಿದ್ಲು. ಪರರ ಮಗು ಅಂತ ಭಯ ಇರೋದು. ನಾನು ಅವ್ಳ ಮಗ್ಳು. ಅದ್ಕೇ ತಡಕಳಕ್ಕೆ ಆಗ್ಲಿಲ್ಲ ಅವ್ಳಿಗೆ. ಇದ್ನ ಏನಂತ ಬಯ್ಲಿ? ಬಯ್ಯಕ್ಕೂ ಆಗಲ್ಲ. ಮಾತಾಡಕ್ಕೂ ಆಗಲ್ಲ."

ನಾನೂ ಒಂದು ಹಿಡಿ ಸೀಗೆಕಾಯಿ ಎಳೆದುಕೊಂಡು ಬಿಡಿಸತೊಡಗಿದೆ.

ಹೋದ ತಿಂಗಳು ಸುದ್ದಿ ಬಂದಾಗ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಮಧುಗಿರಿ ತಲುಪುವಾಗ ಬಿಸಿಲೇರಿತ್ತು. ದೊಡ್ಡಮ್ಮನನ್ನು ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಆರು ತಿಂಗಳು ಹಾಸಿಗೆ ಹಿಡಿದಿದ್ದಳಂತೆ, ಬೆಳ್ಳನೆಯ ಕೂದಲು ಗಂಟುಗಂಟಾಗಿ ಜಡೆಗಟ್ಟಿತ್ತು. ಅವಳಿಗೆ ಅಷ್ಟು ಕೂದಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಯಾವಾಗಲೂ ಬಿಗಿದು ಗಂಟು ಹಾಕಿ ಸೆರಗು ಹೊದ್ದಿರುತ್ತಿದ್ದಳು. ನೀರು ಹಾಕಲು ಹೆಂಗಸರು ಸೇರಿದ್ದರು. ಗಂಡಸರು ಚಟ್ಟ ಕಟ್ಟಿ ಮುಗಿಸಿ ಬೀದಿಯಲ್ಲಿ ನಿಂತಿದ್ದರು.

ಒಬ್ಬಾಕೆ ತಲೆಯ ಮೇಲೆ ಚೊಂಬು ನೀರು ಸುರಿದು ಸೆರಗು ಹೊದಿಸಲು ಹೋದಳು. ಈರಕ್ಕ ಅವಳ ಕೈ ಹಿಡಿದಳು.

"ತಡಿ. ಸಿಕ್ಕು ಬಿಡಿಸ್ಬೇಕು."

ಒಳಗಿನಿಂದ ಎಣ್ಣೆ ತಂದು ತಾಯಿಯ ಹಿಂದೆ ಕೂತಳು. ಬೆರಳಿಗೆ ಎಣ್ಣೆ ಮಾಡಿಕೊಂಡು ಒಂದೊಂದೇ ಗಂಟಿಗೆ ಹಚ್ಚಿ, ತುದಿಯಿಂದ ಶುರುಮಾಡಿ, ಒಂದು ಕೂದಲೂ ಕೀಳದ ಹಾಗೆ ಬಿಡಿಸುತ್ತಾ ಬಂದಳು. ಹೊರಗಿನಿಂದ ಯಾರೋ ಹಿರಿಯರು, "ಹೊತ್ತಾಯ್ತದೆ ಕಣಮ್ಮ, ಈಗ ಅದೆಲ್ಲ ಯಾಕೆ?" ಎಂದರು. ಅವಳು ತಲೆಯೆತ್ತಲಿಲ್ಲ.

"ಕತ್ತು ಸ್ವಲ್ಪ ಇಂಗೆ ಬಗ್ಗಿಸವ್ವ," ಎಂದಳು ತಾಯಿಗೆ. ಹೆಂಗಸೊಬ್ಬಳು ಮುಂದೆ ಹೋಗಿ ದೊಡ್ಡಮ್ಮನ ತಲೆಯನ್ನು ಹಿಡಿದು ಬಗ್ಗಿಸಿದಳು. "ನೋವಾಯ್ತದಾ? ಇನ್ನೊಂದೇ ಗಂಟು. ಆಗೋಯ್ತು."

ಸಿಕ್ಕೆಲ್ಲ ಬಿಟ್ಟ ಮೇಲೆ ಸೀಗೆಪುಡಿ ಕಲಸಿ ಎರಡು ಸಲ ತಿಕ್ಕಿ ತೊಳೆದಳು. ತನ್ನ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಅಷ್ಟು ಜನರ ಎದುರಿಗೇ, ಅದರಿಂದ ತಾಯಿಯ ಕೂದಲನ್ನು ಒರೆಸಿದಳು. ಬಾಚಿ, ಹಿಂದಕ್ಕೆ ತಂದು, ಸಣ್ಣದೊಂದು ತುರುಬು ಕಟ್ಟಿದಳು. ಅದು ಸರಿಯಾಗಿ ಕೂತಿದೆಯೇ ಎಂದು ಎರಡೂ ಕಡೆಯಿಂದ ನೋಡಿದಳು.

ಆಮೇಲೆ ಎದ್ದು, ಬರಿಯ ತಲೆಯಲ್ಲಿ ಬಾಗಿಲಿಗೆ ಬಂದು, ಗಂಡಸರಿಗೆ ಹೇಳಿದಳು:

"ಈಗ ಎತ್ಕಳಿ."